ಅತ್ತೆಯ ನಾಡಿಯಲ್ಲಿ ಒಂದು ಬಿಡುವು

ಅತ್ತೆ ತಾನು ಸತ್ತುಹೋಗಿದ್ದೇನೆಂದು ಮೊದಲ ಸಲ ಹೇಳಿದ್ದು ಬಟಾಣಿ ಸುಲಿಯುತ್ತಿದ್ದಾಗ. ಮುಲುಂಡಿನ ನಮ್ಮ ಅಡುಗೆಮನೆಯ ನೆಲದ ಮೇಲೆ ಪೇಪರು ಹರಡಿಕೊಂಡು ಇಬ್ಬರೂ ಕೂತಿದ್ದೆವು. ನಾನು ಸುಲಿದ ಕಾಳು ಪಾತ್ರೆಗೆ ಬಿದ್ದು ಟಣ್ ಎನ್ನುತ್ತಿತ್ತು. ಅವರ ಕಡೆಯಿಂದ ಸದ್ದೇ ಇರಲಿಲ್ಲ. ತಲೆಯೆತ್ತಿ ನೋಡಿದರೆ, ಕಾಳನ್ನು ಕಸಕ್ಕೆ ಹಾಕಿ, ಖಾಲಿ ಸಿಪ್ಪೆಗಳನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿಡುತ್ತಿದ್ದರು.

"ಅತ್ತೆ, ಕಾಳು ಈಚೆ ಹಾಕಿ."

"ಎಷ್ಟು ಜನಕ್ಕೆ ಪಲ್ಯ?"

"ಮೂರು ಜನಕ್ಕೆ."

"ಇಬ್ಬರಿಗೆ ಸಾಕು. ನಾನು ಹೋಗಿ ಸುಮಾರು ದಿನ ಆಯ್ತಲ್ಲ ಮಾರಾಯ್ತಿ."

ಗ್ಯಾಸ್ ಮುಗಿಯಿತು ಎಂದು ತಿಳಿಸುವಾಗ ಅವರ ದನಿ ಹೇಗಿರುತ್ತಿತ್ತೋ ಹಾಗೆಯೇ ಇತ್ತು. ನಗಬೇಕೋ ಬೇಡವೋ ತಿಳಿಯದೆ ನಾನು ಕಸದ ರಾಶಿಯಿಂದ ಕಾಳು ಹೆಕ್ಕತೊಡಗಿದೆ.

ಅತ್ತೆ ಸುಮ್ಮನೆ ಏನಾದರೊಂದು ಹೇಳಿಬಿಡುವ ಹೆಂಗಸಲ್ಲ. ಮಾವ ಭಾಂಡುಪಿನಲ್ಲಿ ಕಾರ್ಖಾನೆಯ ಗೇಟಿನೆದುರು ಸಣ್ಣ ಹೋಟೆಲು ನಡೆಸುತ್ತಿದ್ದ ಕಾಲಕ್ಕೆ, ಮನೆಯಿಂದಲೇ ದಿನಾ ಎರಡು ಡಬರಿ ಚಟ್ನಿ ಅರೆದು ಕಳಿಸಿದವರು. ಮಾವ ತೀರಿಕೊಂಡ ಮೇಲೆ ಹದಿಮೂರನೆಯ ದಿನದ ಊಟಕ್ಕೆ ಬಂದವರನ್ನೆಲ್ಲ ಉಪ್ಪು ಸಾಕಾಯಿತಾ ಎಂದು ವಿಚಾರಿಸಿದವರು. ಅದಾಗಿ ಎಷ್ಟೋ ವರ್ಷಗಳ ನಂತರ, ಎಪ್ಪತ್ತೊಂದರ ವಯಸ್ಸಿನಲ್ಲಿ, ನಮಗೆ ಕಾಣುವ ಯಾವ ಕಾರಣವೂ ಇಲ್ಲದೆ ಅವರು ಮೆಲ್ಲನೆ ಹಿಂದೆ ಸರಿಯತೊಡಗಿದ್ದರು. ಕ್ಯಾಲೆಂಡರಿನಲ್ಲಿ ಏಕಾದಶಿಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿಡುವುದು ಅವರ ಅಭ್ಯಾಸ. ಅವರ ಏಕಾದಶಿ ಎಂದರೆ ಹನಿ ನೀರೂ ಇಲ್ಲ. ಈಗ ಸುತ್ತು ಹಾಕುವುದಿರಲಿ, ತಿಂಗಳ ಹಾಳೆ ತಿರುಗಿಸುವುದನ್ನೂ ಬಿಟ್ಟಿದ್ದರು. ತಟ್ಟೆ ಮುಂದಿಟ್ಟರೆ "ಹೆಣಕ್ಕೆ ಎಂತಕ್ಕೆ ಅನ್ನ?" ಎಂದು ಮೆತ್ತಗೆ ಸರಿಸುತ್ತಿದ್ದರು. ಕನ್ನಡಿಯ ಮುಂದೆ ಹಾದುಹೋಗುವಾಗ ನಿಂತು, ಅದರೊಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಂದೆ ಹೋಗುತ್ತಿದ್ದರು.

ಒಂದು ಮುಸ್ಸಂಜೆ ದೇವರ ಗೂಡಿನಲ್ಲಿ ದೀಪ ಕಾಣಲಿಲ್ಲ. ಅವರ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕಿತ್ತು. ನೂಕಿ ನೋಡಿದೆ. ನೆಲದ ಮೇಲೆ ಚಾಪೆ ಹಾಸಿ, ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ತಲೆಯ ಹತ್ತಿರ ದೀಪ. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಹೂವಿನ ದಾರದಿಂದ ಕಟ್ಟಿಕೊಂಡಿದ್ದರು. ಗಂಟು ಎಷ್ಟು ಚಂದ ಬಿದ್ದಿತ್ತೆಂದರೆ, ಬಗ್ಗಿ ಕಟ್ಟಲು ಅವರಿಗೆ ಎಷ್ಟು ಹೊತ್ತು ಹಿಡಿದಿರಬಹುದೆಂದು ನಾನು ಯೋಚಿಸಿದೆ.

"ನಿನ್ನ ಗಂಡ ಬರುವಾಗ ಎಂಟು ಆಗ್ತದೆ. ಅಲ್ಲಿವರೆಗೆ ಎಣ್ಣೆ ಸಾಕಾ ನೋಡು," ಎಂದರು ಕಣ್ಣು ಮುಚ್ಚಿಕೊಂಡೇ.

ಕತ್ತರಿ ತಂದು ದಾರ ಕತ್ತರಿಸಿದೆ. ಆಮೇಲೆ ಅವರ ಕೈ ಹಿಡಿದು, ಶಾಲೆಯಲ್ಲಿ ಕಲಿತಂತೆ ನಾಡಿ ಹುಡುಕಿದೆ. ನಾನು ಓದಿದ ಕಾನ್ವೆಂಟಿನಲ್ಲಿ ಪ್ರಥಮ ಚಿಕಿತ್ಸೆಯ ಪಾಠವನ್ನು ವಯಸ್ಸಾದ ನನ್ ಒಬ್ಬರು ಮಾಡುತ್ತಿದ್ದರು. ಮೂರು ಬೆರಳು ಇಡಿ, ಹೆಬ್ಬೆರಳು ಮಾತ್ರ ಬೇಡ ಎಂದು ಅವರು ನಮ್ಮ ಕೈಗೆ ಸ್ಕೇಲಿನಿಂದ ತಟ್ಟಿ ಹೇಳುತ್ತಿದ್ದರು. ಹೆಬ್ಬೆರಳಿಗೆ ತನ್ನದೇ ಬಡಿತವಿದೆ, ನಿಮ್ಮ ಹೃದಯವನ್ನೇ ಎಣಿಸಿಕೊಂಡು ರೋಗಿ ಬದುಕಿದ್ದಾನೆಂದು ಹೇಳಿಬಿಡುತ್ತೀರಿ, ಎಂದು.

"ಇಲ್ಲಿ ನೋಡಿ ಅತ್ತೆ, ಬಡೀತಾ ಉಂಟು. ಒಂದು, ಎರಡು, ಮೂರು..."

ಅವರು ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಅದು ನಿನ್ನದು," ಎಂದರು. "ನನ್ನದಲ್ಲ."

ನಾನು ಬೆರಳು ನೋಡಿಕೊಂಡೆ. ಮೂರೇ ಇದ್ದವು. ಹೆಬ್ಬೆರಳು ದೂರವಿತ್ತು. ಆದರೂ ಆ ಸಂಜೆ ಪಾತ್ರೆ ತೊಳೆಯುವಾಗ ನನ್ನದೇ ಮಣಿಕಟ್ಟನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ.

ಮರುದಿನವೇ ಸಯನಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡೆವು. ಮರಾಠಿ ಹೆಂಗಸು, ನನ್ನದೇ ವಯಸ್ಸಿರಬಹುದು. ಇದು ತೀವ್ರ ಖಿನ್ನತೆ, ಸತ್ತಿದ್ದೇನೆ ಎಂಬ ನಂಬಿಕೆಯೂ ಅದರದೇ ಒಂದು ಮುಖ ಎಂದರು. ಮಾತ್ರೆಗಳು ಕೆಲಸ ಮಾಡಲು ವಾರಗಟ್ಟಲೆ ಬೇಕು, ಊಟ ಬಿಟ್ಟವರಿಗೆ ಅಷ್ಟು ಸಮಯವಿಲ್ಲ, ವಿದ್ಯುತ್ ಚಿಕಿತ್ಸೆ ಕೊಡೋಣ ಎಂದರು.

"ಶಾಕಾ? ಅಮ್ಮನಿಗಾ?" ನನ್ನ ಗಂಡ ಕುರ್ಚಿಯಿಂದ ಅರ್ಧ ಎದ್ದಿದ್ದರು.

ಡಾಕ್ಟರ್ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಅರಿವಳಿಕೆ ಕೊಟ್ಟು ಮಲಗಿಸಿ, ಕೆಲವೇ ಸೆಕೆಂಡು ಮಾಡುವ ಕೆಲಸ. ನೋವು ತಿಳಿಯುವುದಿಲ್ಲ. ಗಮನ ಕೊಡಬೇಕಾದದ್ದು ಹೃದಯಕ್ಕೆ. ಅತ್ತೆಗೆ ಎದೆ ಡವಡವ ಎನ್ನುವ ತೊಂದರೆ ಹಳೆಯದು, ದಿನಾ ಬೆಳಿಗ್ಗೆ ಒಂದು ಬಿಳಿ ಮಾತ್ರೆ ನುಂಗುತ್ತಿದ್ದರು. ಕರೆಂಟ್ ಕೊಟ್ಟ ಕೂಡಲೇ ಕೆಲವರ ಹೃದಯ ತೀರ ನಿಧಾನವಾಗುತ್ತದೆ, ಒಂದೆರಡು ಬಡಿತ ತಪ್ಪಿಹೋಗುವುದೂ ಉಂಟು, ಮರುಗಳಿಗೆ ಜೋರಾಗಿ ಓಡತೊಡಗುತ್ತದೆ. ಹೆಚ್ಚಿನವರಲ್ಲಿ ಕೆಲವು ನಿಮಿಷಗಳಲ್ಲಿ ತಾನಾಗಿಯೇ ದಾರಿಗೆ ಬರುತ್ತದೆ. "ನಾವು ಮಾನಿಟರಿನಿಂದ ಕಣ್ಣು ತೆಗೆಯುವುದಿಲ್ಲ. ಆದರೆ ಇವರಿಗೆ ಆ ಬಿಳಿ ಮಾತ್ರೆ ತಪ್ಪಬಾರದು. ಖಾಲಿ ಹೊಟ್ಟೆ ಅಂದರೂ ಅದೊಂದನ್ನು ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಕೊಡಲೇಬೇಕು. ಯಾರು ಕೊಡುತ್ತೀರಿ?"

"ನಾನು," ಎಂದೆ.

ಹೃದಯದ ಡಾಕ್ಟರರೂ ನೋಡಿ ಒಪ್ಪಿದರು. ಸಹಿ ಮಾಡುವ ಕಾಗದ ಬಂದಾಗ ಅತ್ತೆ ಅದನ್ನು ಗೌರವದಿಂದ ಎರಡೂ ಕೈಯಲ್ಲಿ ಹಿಡಿದುಕೊಂಡು, "ಸತ್ತವರ ಸಹಿ ನಡೀತದಾ?" ಎಂದು ಮಗನನ್ನು ಕೇಳಿದರು. ಮಗನೇ ಸಹಿ ಹಾಕಿದರು. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ನನ್ನ ಗಂಡ ಅತ್ತೆಯ ಬೆನ್ನ ಹಿಂದಿನಿಂದ ನನ್ನ ಕಡೆ ಬಾಗಿ, "ನಿಲ್ತದೆ ಅಂದ್ರಲ್ಲ," ಎಂದರು.

"ಒಂದೆರಡು ಬಡಿತ ಅಂದ್ರು."

"ಮತ್ತೆ ಹೊರಡದೇ ಇದ್ರೆ?"

ಅತ್ತೆ ನಮ್ಮಿಬ್ಬರ ನಡುವೆ ಕೂತು ರಸ್ತೆ ನೋಡುತ್ತಿದ್ದರು. "ಹೊರಟಾಯ್ತು," ಎಂದರು. ಸಿಗ್ನಲ್ಲಿನ ಬಗ್ಗೆ ಹೇಳಿದ್ದೋ ಇನ್ನಾವುದರ ಬಗ್ಗೆಯೋ ನಾವು ಕೇಳಲಿಲ್ಲ.

ಸೋಮವಾರ ಮತ್ತು ಗುರುವಾರ. ಕಡಿಮೆಯೆಂದರೂ ಹತ್ತು ಸಲ ಬೇಕಾಗಬಹುದು ಎಂದಿದ್ದರು. ಮಹಡಿಯಲ್ಲಿ ಹಸಿರು ಬಾಗಿಲು, ಎದುರಿಗೆ ಮರದ ಬೆಂಚು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗಿನ ಯಂತ್ರ ಅತ್ತೆಯ ಒಂದೊಂದು ಬಡಿತಕ್ಕೂ ಬೀಪ್ ಎನ್ನುವುದು ಹೊರಗೆ ಕೇಳಿಸುತ್ತಿತ್ತು. ಮೊದಲ ಸಲ ನಾನು ಎಣಿಸುತ್ತ ಕೂತಿದ್ದೆ. ಮೂವತ್ತೊಂಬತ್ತು, ನಲವತ್ತು. ಆಮೇಲೆ ಏನೂ ಇಲ್ಲ.

ಆ ಇಲ್ಲದಿರುವಿಕೆಯಲ್ಲಿ ನನಗೆ ಬಹಳ ಸಂಗತಿಗಳು ಕಂಡವು. ನನ್ನ ಚಪ್ಪಲಿಯ ಹೊಲಿಗೆ ಬಿಚ್ಚಿಕೊಂಡಿತ್ತು. ಗೋಡೆಯ ಮೇಲೆ ಯಾರೋ ಬಾಲ್ ಪೆನ್ನಿನಿಂದ ಒಂದು ಸಣ್ಣ ದೋಣಿ ಬರೆದಿದ್ದರು. ಮೂರು ಸೆಕೆಂಡೂ ಆಗಿರಲಿಕ್ಕಿಲ್ಲ. ನಲವತ್ತೊಂದು ಕೇಳಿಸಿತು, ಅದರ ಹಿಂದೆಯೇ ಉಳಿದವೂ ಧಡಧಡನೆ ಬಂದವು. ನಾನು ಉಸಿರು ಬಿಟ್ಟೆ. ಡಾಕ್ಟರ್ ಹೊರಗೆ ಬಂದು, "ಎಲ್ಲ ನಿರೀಕ್ಷಿಸಿದ ಹಾಗೇ," ಎಂದರು. ಆ ಬಿಡುವು ಇದ್ದೇ ಇರುತ್ತದೆಂದು ಅವರಿಗೆ ಗೊತ್ತಿತ್ತು. ನನಗೆ ಮಾತ್ರ ಮನೆಯಲ್ಲೂ ಅದೇ ಕೇಳಿಸತೊಡಗಿತು. ಫ್ರಿಜ್ ಗುಂಯ್ ಎನ್ನುತ್ತಿದ್ದುದು ತಟ್ಟನೆ ನಿಂತರೆ, ಅದು ಮತ್ತೆ ಹೊರಡುವವರೆಗೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದೆ.

ಮೂರನೆಯ ಸಲದ ಮರುದಿನ ಅತ್ತೆ, "ಕಾಫಿ ಎಂತ, ನೀರು ನೀರು?" ಎಂದರು. ನನ್ನ ಗಂಡ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತದ್ದು ನನಗೆ ಕೇಳಿಸಿತು. ನಾಲ್ಕನೆಯದರ ನಂತರ ಒಂದಿಡೀ ದೋಸೆ ತಿಂದರು. ಕೆಲವು ಸಂಗತಿಗಳು ಮರೆತಿದ್ದವು. ಲಿಫ್ಟ್ ಯಾವಾಗ ಬಂತು ನಮ್ಮ ಬಿಲ್ಡಿಂಗಿಗೆ ಎಂದು ಕೇಳಿದರು. ಬಂದು ಆರು ವರ್ಷವಾಗಿತ್ತು. ಐದನೆಯದರ ನಂತರ ಕಿಟಕಿಯ ಗ್ರಿಲ್ಲಿನಲ್ಲಿ ಬಗ್ಗಿ, "ತುಳಸಿಗೆ ಯಾರೂ ನೀರು ಹಾಕ್ಲಿಲ್ವಾ? ಹೀಗೂ ಮನೆ ನಡೆಸ್ತಾರಾ?" ಎಂದು ನನ್ನನ್ನು ಬೈದರು. ಬೈಗಳು ಕೇಳಿ ಅಷ್ಟು ಹಿತವಾದದ್ದು ಅದೇ ಮೊದಲು.

ಬುಧವಾರ ಮಧ್ಯಾಹ್ನ ಅಡುಗೆಮನೆಗೆ ಹೋದಾಗ ಕ್ಯಾಲೆಂಡರಿನ ಹಾಳೆ ಈ ತಿಂಗಳಿಗೆ ತಿರುಗಿತ್ತು. ಗಂಡ ತಿರುಗಿಸಿರಬೇಕು ಎಂದುಕೊಂಡೆ. ಸಂಜೆ ಊಟಕ್ಕೆ ಕರೆದರೆ ಅತ್ತೆ ಏಳಲಿಲ್ಲ.

"ನನಗೆ ಇವತ್ತು ರಾತ್ರಿ ಊಟ ಇಲ್ಲ."

"ಸ್ವಲ್ಪ ಗಂಜಿಯಾದ್ರೂ?"

"ಇಲ್ಲ ಅಂದ್ನಲ್ಲ."

ತಟ್ಟೆಯನ್ನು ಅದೇ ಹಳೆಯ ರೀತಿಯಲ್ಲಿ ಮೆತ್ತಗೆ ಸರಿಸಿದರು. ನನ್ನ ಗಂಡ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ಪುನಃ ಶುರುವಾಯ್ತಾ?" ನಾನು ಎದ್ದು ದೇವರ ಗೂಡಿನಲ್ಲಿ ದೀಪ ಇದೆಯೇ ಎಂದು ನೋಡಿ ಬಂದೆ. ಇತ್ತು. ಹೂವಿನ ದಾರದ ಉಂಡೆಯನ್ನು ಮಾತ್ರ ತೆಗೆದು ನನ್ನ ಸೀರೆಗಳ ನಡುವೆ ಇಟ್ಟೆ.

ಗುರುವಾರ ಬೆಳಿಗ್ಗೆ ಆರಕ್ಕೆ ಮಾತ್ರೆ ಅವರ ಅಂಗೈಗೆ ಹಾಕಿ ಲೋಟ ಕೊಟ್ಟೆ. ಬಾಯಿಗೆ ಹಾಕಿಕೊಂಡರು. ಲೋಟ ತುಟಿಗೆ ತಾಗಿದ್ದನ್ನು ನೋಡಿದೆ. ಅಷ್ಟರಲ್ಲಿ ಹಾಲು ಉಕ್ಕಿತು, ನಾನು ಒಲೆಯತ್ತ ತಿರುಗಿದೆ. ಮತ್ತೆ ನೋಡುವಾಗ ಅವರು ನನಗೆ ಬೆನ್ನು ಮಾಡಿ, ಗ್ರಿಲ್ಲಿನ ಹತ್ತಿರ ತುಳಸಿಗೆ ತಲೆ ಬಗ್ಗಿಸಿ ನಿಂತಿದ್ದರು. ನಮಸ್ಕಾರ ಮಾಡುತ್ತಿದ್ದಾರೆಂದು ನನಗೆ ಸಮಾಧಾನವಾಯಿತು.

"ಗೋಲಿ ದಿಯಾ?" ಆಸ್ಪತ್ರೆಯಲ್ಲಿ ನರ್ಸ್ ಪ್ರತಿ ಸಲದಂತೆ ಮಾತ್ರೆಯ ಬಗ್ಗೆ ಕೇಳಿದಳು.

"ದಿಯಾ," ಎಂದೆ. ಅವಳು ಕಾಗದದ ಮೇಲೆ ಗುರುತು ಹಾಕಿಕೊಂಡಳು.

ಅಂದು ಬಿಡುವು ಯಾವಾಗಿನಷ್ಟೇ ಇತ್ತು. ಅದರ ನಂತರ ಬಂದದ್ದು ಬೇರೆ. ಬೀಪ್‌ಗಳು ಒಂದರ ಮೇಲೊಂದು ಬಿದ್ದು ಓಡಿದವು. ಎರಡು ಒಟ್ಟಿಗೆ, ಆಮೇಲೆ ಖಾಲಿ, ಆಮೇಲೆ ಐದಾರು ಸಲ ಒಂದೇ ಉಸಿರಿಗೆ, ಮತ್ತೆ ಖಾಲಿ. ಕತ್ತಲಲ್ಲಿ ಯಾರೋ ಅಪರಿಚಿತರು ನಮ್ಮ ಮನೆಯ ಬಾಗಿಲು ತಡಕಾಡಿ ಬಡಿದ ಹಾಗೆ. ಒಳಗೆ ಸ್ಟೂಲು ಸರಿದ ಸದ್ದಾಯಿತು. ಇಷ್ಟು ದಿನ ಪೂರ್ತಿ ಮುಚ್ಚದಿದ್ದ ಬಾಗಿಲನ್ನು ಯಾರೋ ಒಳಗಿನಿಂದ ಒತ್ತಿ ಮುಚ್ಚಿದರು. ಆಮೇಲೆ ನನಗೆ ಏನೂ ಕೇಳಿಸಲಿಲ್ಲ. ನಾನು ಗೋಡೆಯ ಮೇಲಿನ ದೋಣಿಯನ್ನು ನೋಡುತ್ತ ನಿಂತೆ.

ತುಂಬ ಹೊತ್ತಿನ ಮೇಲೆ ಡಾಕ್ಟರ್ ಹೊರಗೆ ಬಂದರು. ಹಣೆಯ ಮೇಲೆ ಟೋಪಿಯ ಗೆರೆ ಮೂಡಿತ್ತು. ಬಡಿತ ಲಯ ತಪ್ಪಿತ್ತು, ಇಂಜೆಕ್ಷನ್ ಕೊಟ್ಟು ಹತೋಟಿಗೆ ತಂದಿದ್ದೇವೆ, ಈಗ ಅಪಾಯವಿಲ್ಲ, ನಾಳೆಯವರೆಗೆ ಇಲ್ಲೇ ಇಟ್ಟು ನೋಡುತ್ತೇವೆ ಎಂದರು. ಆಮೇಲೆ ದನಿ ತಗ್ಗಿಸಿದರು. "ಮಾತ್ರೆ ಕೊಟ್ಟೂ ಹೀಗಾಗಿದೆ ಅಂದರೆ ಈ ಹೃದಯ ಇದನ್ನು ತಡೆಯಲಾರದು ಅಂತಲೇ ಅರ್ಥ. ಬಹುಶಃ ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ."

"ನಿಲ್ಲಿಸಿದರೆ?"

ಆರು ಸಲ ಆಗಿತ್ತು. ಹಿಂದಿನ ರಾತ್ರಿ ಅತ್ತೆ ತಟ್ಟೆ ಸರಿಸಿದ್ದು ನನ್ನ ಕಣ್ಣ ಮುಂದಿತ್ತು. ನಿಲ್ಲಿಸಿದರೆ ಏನೆಂದು ನನಗೆ ಗೊತ್ತಿತ್ತು: ಚಾಪೆ, ದೀಪ, ದಾರ.

ಅತ್ತೆ ಕಣ್ಣು ಬಿಟ್ಟಾಗ ನರ್ಸ್ ಎಂದಿನ ಪ್ರಶ್ನೆಗಳನ್ನು ಕೇಳಿದಳು. ಎಚ್ಚರವಾದ ಮೇಲೆ ಮನಸ್ಸು ಎಷ್ಟು ತಿಳಿಯಾಗಿದೆ ಎಂದು ನೋಡಲು ಹಾಗೆ ಕೇಳುತ್ತಾರೆ. ಹೆಸರು ಹೇಳಿದರು. ಊರು ಹೇಳಿದರು. ಆಮೇಲೆ ಇವತ್ತು ಯಾವ ದಿನ ಎಂಬ ಪ್ರಶ್ನೆ.

"ಆಜಿ, ಆಜ್ ಕೌನ್ ಸಾ ದಿನ್ ಹೈ?"

"ಏಕಾದಶಿ."

"ಗುರುವಾರ್ ಹೈ, ಆಜಿ." ನರ್ಸ್ ನನ್ನ ಕಡೆ ಕನಿಕರದಿಂದ ನೋಡಿ, ಕಾಗದದಲ್ಲಿ ತಪ್ಪಿನ ಗುರುತು ಹಾಕಿದಳು. ನಾನೂ ಅದನ್ನು ಗೊಂದಲವೆಂದೇ ತಿಳಿದೆ. ಅವರ ಕೈ ಹಿಡಿದು ಮೂರು ಬೆರಳಿಟ್ಟೆ. ನಾಡಿ ಈಗ ಶಾಂತವಾಗಿತ್ತು, ಆದರೆ ಆಗಾಗ ಒಂದು ಬಡಿತ ಬರಲೇ ಇಲ್ಲ. ಇಳಿಯುವಾಗ ಇದೆಯೆಂದುಕೊಂಡ ಮೆಟ್ಟಿಲು ಕಾಲಿಗೆ ಸಿಗದ ಹಾಗೆ.

ಗಂಡ ಆಫೀಸಿನಿಂದ ಬಂದು ಕೂತರು. ನಾನು ಬಟ್ಟೆ ತರಲು ಲೋಕಲ್ ಹಿಡಿದು ಮುಲುಂಡಿಗೆ ಬಂದೆ. ಮಧ್ಯಾಹ್ನ ಮೂರು ಗಂಟೆ. ಬೀಗ ತೆಗೆದಾಗ ಮನೆ ಉಸಿರು ಹಿಡಿದುಕೊಂಡಂತಿತ್ತು. ಅತ್ತೆಯ ಸೀರೆ ಮಡಚಿ ಚೀಲಕ್ಕೆ ಹಾಕಿ, ಬೈಗಳು ನೆನಪಾಗಿ ತುಳಸಿಗೆ ನೀರು ಹಾಕಲು ಹೋದೆ. ಕುಂಡದ ಮಣ್ಣಿನಲ್ಲಿ ಏನೋ ಬೆಳ್ಳಗೆ ಕಂಡಿತು. ಒಂದು ಹಲ್ಲು ಬಿದ್ದಿದೆ ಎನಿಸಿ ಕೈ ಹಿಂದಕ್ಕೆ ಬಂತು. ಬಗ್ಗಿ ನೋಡಿದೆ. ಅಂಚು ಕರಗಿ ಉಬ್ಬಿದ, ನಡುವೆ ಗೆರೆಯಿದ್ದ ಬಿಳಿ ಮಾತ್ರೆ.

ಅತ್ತೆ ಏಕಾದಶಿ ಎಂದದ್ದು ನೆನಪಾಗಿ, ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಕ್ಯಾಲೆಂಡರ್ ನೋಡಿದೆ. ಗುರುವಾರದ ಸುತ್ತ ಪೆನ್ಸಿಲಿನ ಗೆರೆ, ನಡುಗುವ ಕೈಯಿಂದ ಎಳೆದದ್ದು. ಏಕಾದಶಿ. ಹಾಗಿದ್ದರೆ ನಿನ್ನೆ ದಶಮಿ, ಒಂದೇ ಹೊತ್ತಿನ ಊಟ. ಹಾಳೆ ತಿರುಗಿಸಿದವರು ಅವರೇ. ಎರಡು ವಾರದ ಹಿಂದಿನ ಏಕಾದಶಿಯೂ ಗುರುವಾರವೇ ಬಿದ್ದಿತ್ತು, ಎರಡನೆಯ ಚಿಕಿತ್ಸೆಯ ದಿನ. ಅಂದು ನೀರಿನೊಂದಿಗೆ ಮಾತ್ರೆಯನ್ನು ಮರುಮಾತಿಲ್ಲದೆ ನುಂಗಿದ್ದರು. ಅಂದು ಅವರು ಸತ್ತಿದ್ದರು. ಸತ್ತವರಿಗೆ ಯಾವ ವ್ರತ?

ಸ್ಟೂಲಿನ ಮೇಲೆ ಕೂತು ನಾನು ನಕ್ಕೆ, ಅತ್ತುಬಿಟ್ಟೆ. ಬದುಕಿದ್ದೇನೆಂದು ಅವರು ಹೇಳಿದ ಮೊದಲ ಮಾತೇ ಉಗುಳಿದ ಆ ಮಾತ್ರೆ. ಆ ಮಾತೇ ಅವರ ಎದೆಯ ಲಯ ತಪ್ಪಿಸಿತ್ತು. ಅವರ ಔಷಧಿಯ ಡಬ್ಬಿಯಲ್ಲಿ ಪ್ರತಿ ತಿಂಗಳ ಕೊನೆಗೂ ಎರಡು ಬಿಳಿ ಮಾತ್ರೆ ಏಕೆ ಉಳಿಯುತ್ತಿದ್ದವೆಂಬುದೂ ಆಗ ತಿಳಿಯಿತು.

ಮೊದಲು ಗಂಡನಿಗೆ ಫೋನ್ ಮಾಡಿದೆ.

"ನುಂಗಿದ್ದು ನೋಡ್ಲಿಲ್ವಾ ನೀನು?"

"ಇಲ್ಲ."

"ಮತ್ತೆ ಕೊಟ್ಟೆ ಅಂತ ಹೇಳಿದ್ಯಲ್ಲ?"

"ಕೊಟ್ಟಿದ್ದೆ. ನುಂಗಿದ್ದು ನೋಡ್ಲಿಲ್ಲ."

ಡಾಕ್ಟರಿಗೂ ಅಷ್ಟನ್ನೇ ಹೇಳಿದೆ. ಮಾತ್ರೆಯನ್ನು ಕಾಗದದಲ್ಲಿ ಮಡಚಿ ಸಂಜೆ ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಪೆನ್ನಿನ ತುದಿಯಿಂದ ಅತ್ತಿತ್ತ ಹೊರಳಿಸಿದರು.

"ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇದು ಗೊತ್ತಿಲ್ಲದೆ ನಿಲ್ಲಿಸುತ್ತಿದ್ದೆ." ಹೃದಯದ ಪರೀಕ್ಷೆಗಳಾಗಲಿ, ಆ ಡಾಕ್ಟರ್ ಒಪ್ಪಿದರೆ ಒಂದು ವಾರ ಬಿಟ್ಟು ಮುಂದುವರಿಸೋಣ, ಮಾತ್ರೆಯನ್ನು ಇಲ್ಲೇ, ನರ್ಸ್ ಎದುರಿಗೇ ಕೊಡೋಣ ಎಂದರು. "ಆಮೇಲೆ ನನಗೆ ಆ ಏಕಾದಶಿಗಳ ಪಟ್ಟಿ ಬೇಕು." ಮುಂದಿನದು ಶುಕ್ರವಾರವೆಂದು ನಾನು ಆಗಲೇ ನೋಡಿಕೊಂಡು ಬಂದಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೇ ಅತ್ತೆ ಎದ್ದು ಕೂತಿದ್ದರು. ದ್ವಾದಶಿ, ಬೇಗ ಊಟ ಮಾಡಿ ಉಪವಾಸ ಮುಗಿಸಬೇಕು. ನಾನು ಮನೆಯಿಂದ ಅನ್ನ, ಹೆಸರುಬೇಳೆಯ ತೊವ್ವೆ ತಂದಿದ್ದೆ. ಬಡಿಸುತ್ತ ಕೇಳಿದೆ, "ಮಾತ್ರೆ ಉಗುಳಿದ್ದು ಯಾಕೆ ಅತ್ತೆ? ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬಿಡ್ತಿದ್ರಾ?"

"ಔಷಧಿಗೆ ದೋಷ ಇಲ್ಲ ಅಂತಾರಲ್ಲ."

"ಅದು ಹುಷಾರಿಲ್ಲದವರಿಗೆ. ನನಗೆಂತ ಆಗಿದೆ?"

"ನಾನು ಸತ್ತಿದ್ದೇನೆ ಅಂತ ಮೂರು ತಿಂಗಳು ಹೇಳ್ತಾ ಇದ್ರಲ್ಲ."

ಅವರ ತುತ್ತು ಅರ್ಧಕ್ಕೇ ನಿಂತಿತು. "ಯಾರು? ನಾನಾ?" ನನ್ನನ್ನು ದಿಟ್ಟಿಸಿ ನೋಡಿದರು, ಆಮೇಲೆ ಮಗನನ್ನು. "ಇವಳಿಗೆ ನಿದ್ದೆ ಸರಿ ಆಗ್ಲಿಲ್ವಾ ಮಗಾ?"

ಅವರಿಗೆ ಬಟಾಣಿ ನೆನಪಿರಲಿಲ್ಲ. ದೀಪ, ದಾರ, ಯಾವುದೂ ನೆನಪಿರಲಿಲ್ಲ. ಕನ್ನಡಿಯೊಳಗೆ ಯಾರೂ ಇಲ್ಲವೆಂದು ನೋಡುತ್ತಿದ್ದ ಆ ಹೆಂಗಸು ಅವರೊಳಗಿಂದ ಹೋಗಿ ನನ್ನೊಳಗೆ ಮಾತ್ರ ಉಳಿದಿದ್ದಳು. ಈಗಲೂ ದೀಪ ಹಚ್ಚುವ ಹೊತ್ತಿಗೆ ನಾನು ಆ ಕೋಣೆಯ ಬಾಗಿಲ ಸಂದಿಯನ್ನು ಒಮ್ಮೆ ನೋಡಿಯೇ ಮುಂದೆ ಹೋಗುತ್ತೇನೆ.

ಒಂದು ವಾರ ಬಿಟ್ಟು ಏಳನೆಯದು ನಡೆಯಿತು. ಮಾತ್ರೆ ನುಂಗಿದ ಮೇಲೆ ನರ್ಸ್ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದಳು. ಅತ್ತೆಗೆ ಬಹಳ ಅವಮಾನವಾಯಿತು. ನಾನು ಬೆಂಚಿನ ಮೇಲೆ ಕೂತು ಎಣಿಸಿದೆ. ಬಿಡುವು ಬಂತು, ಹೋಯಿತು. ಬಡಿತ ಓಡಿತು, ನಿಧಾನವಾಯಿತು, ಸಾಲಾಗಿ ನಡೆಯಿತು. ಹತ್ತೂ ಮುಗಿದವು. ಆಗಾಗ ಒಂದೊಂದು ಬಡಿತ ತಪ್ಪುವುದು ಉಳಿದುಕೊಂಡಿದೆ. ಅದರಿಂದ ಈಗ ಭಯವಿಲ್ಲ, ನೋಡುತ್ತಿರೋಣ ಎಂದಿದ್ದಾರೆ ಹೃದಯದ ಡಾಕ್ಟರ್. ಏಕಾದಶಿಯ ದಿನವೂ ಮಾತ್ರೆಗೊಂದು ಗುಟುಕು ನೀರು ಎಂದು ಅತ್ತೆ ಗೊಣಗುತ್ತಲೇ ಒಪ್ಪಿದ್ದಾರೆ.

ಕೊನೆಯ ಸಲ ಮನೆಗೆ ಬಂದ ಸಂಜೆ ಅವರು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಕೈ ತೆಗೆದುಕೊಂಡೆ. ಒಂದು, ಎರಡು, ಮೂರು. ಹದಿನೇಳರ ನಂತರ ಬಿಡುವು. ಅಡುಗೆಮನೆಯಲ್ಲಿ ಅದೇ ಗಳಿಗೆಗೆ ಫ್ರಿಜ್ ನಿಂತಿತು. ನನ್ನ ಉಸಿರೂ ನಿಂತಿರಬೇಕು. ಹದಿನೆಂಟು ಬೆರಳಿಗೆ ತಾಗಿತು.

"ಬಂತಾ?" ಎಂದರು ಅತ್ತೆ, ಕಣ್ಣು ತೆರೆಯದೆ. ನಾನು ಎಣಿಸುತ್ತಿದ್ದೇನೆಂದು ಅವರಿಗೆ ಹೇಳಿರಲಿಲ್ಲ.

"ಬಂತು."

"ನಿನ್ನದಾ, ನನ್ನದಾ?"

ಕೈ ನೋಡಿಕೊಂಡೆ. ಮೂರು ಬೆರಳು ಅವರ ಮಣಿಕಟ್ಟಿನ ಮೇಲಿದ್ದವು, ಹೆಬ್ಬೆರಳು ಗಾಳಿಯಲ್ಲಿತ್ತು.

"ನಿಮ್ಮದೇ ಅತ್ತೆ."

"ಹಾಗಾದ್ರೆ ಎದ್ದು ಕಾಫಿ ಮಾಡು," ಎಂದರು. "ನೀರು ನೀರು ಮಾಡ್ಬೇಡ."